ಗಾಯಕ್ಕೆ ಅಂಟದ ಪಟ್ಟಿ

ಡ್ರೆಸಿಂಗ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಪಟ್ಟಿ ಕೀಳುವ ಗಳಿಗೆ. ರಕ್ತ, ಕೀವುನೀರು ಹೀರಿ ಒಣಗಿ ಸೆಟೆದ ಗಾಜ್ ಬಟ್ಟೆಯ ಒಂದು ತುದಿ ಹಿಡಿದು, 'ಆ ಕಡೆ ನೋಡಪ್ಪ' ಎನ್ನುತ್ತ ನರ್ಸಮ್ಮ ಸರ್ರನೆ ಎಳೆದಾಗ ಜೀವ ಬಾಯಿಗೆ ಬಂದಂತಾಗುತ್ತದೆ. ಬಟ್ಟೆಯ ಜೊತೆಗೇ ಗಾಯದ ಮೇಲ್ಪದರವೂ ಕಿತ್ತುಬಂದು ಮತ್ತೆ ರಕ್ತ ಜಿನುಗುತ್ತದೆ. ಮಕ್ಕಳು ಆಸ್ಪತ್ರೆಯ ಬಾಗಿಲಲ್ಲೇ ರಚ್ಚೆ ಹಿಡಿಯುವುದು ಈ ಕಾರಣಕ್ಕೇ. ಗಾಯ ಮಾಯಬೇಕಾದರೆ ಇಷ್ಟು ಸಂಕಟ ಇದ್ದದ್ದೇ ಎಂದು ದೊಡ್ಡವರೂ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಾರೆ.

ಸಹಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಆ ನೋವು ಹುಟ್ಟುವುದು ನಾವು ಗಾಯದ ಮೇಲೆ ಇಡುವ ಬಟ್ಟೆಯಿಂದ. ಬಟ್ಟೆ ಬದಲಾದರೆ ನೋವೂ ಹೋಗುತ್ತದೆ, ಗಾಯವೂ ಬೇಗ ಮಾಯುತ್ತದೆ. ಹಾಗೆ ಅಂಟದಿರುವ ಪಟ್ಟಿಗಳು ಬಂದು ನೂರು ವರ್ಷ ದಾಟಿದೆ. ಊರಿನ ಮೆಡಿಕಲ್ ಶಾಪಿನಲ್ಲಿ ಸೋಫ್ರಾಟುಲ್, ಬ್ಯಾಕ್ಟಿಗ್ರಾಸ್, ಜೆಲೋನೆಟ್ ಎಂಬ ಹೆಸರುಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಅಂಗೈ ಅಗಲದ ಲಕೋಟೆಯೊಳಗೆ ಹತ್ತು ಸೆಂಟಿಮೀಟರ್ ಚೌಕದ, ಜಿಡ್ಡುಜಿಡ್ಡಾದ, ಸೊಳ್ಳೆ ಪರದೆಯಂಥ ಬಲೆಬಟ್ಟೆ. ನೋಡಿದರೆ ಇದರಿಂದೇನಾದೀತು ಅನ್ನಿಸುವಷ್ಟು ಸಾಧಾರಣ ವಸ್ತು.

ಸುಟ್ಟ ಜಾಗದಲ್ಲಿ ಚರ್ಮ ಹೊಸದಾಗಿ ಬೆಳೆಯುವ ಬಗೆ ತಿಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಗಾಯದ ಅಂಚಿನಿಂದ, ಮತ್ತು ಅಳಿದುಳಿದ ಕೂದಲಬೇರುಗಳ ಸುತ್ತಲಿಂದ, ಹೊಸ ಜೀವಕೋಶಗಳು ಗಾಯದ ಮೇಲೆ ತೆವಳುತ್ತ ಹರಡಿಕೊಳ್ಳುತ್ತವೆ. ತೆವಳಲು ಅವಕ್ಕೆ ತೇವ ಬೇಕು. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಆ ಗಟ್ಟಿ ಪದರದ ಕೆಳಗೆ ತೇವ ಇರುವ ಕಡೆ ಹುಡುಕಿಕೊಂಡು ಆಳಕ್ಕಿಳಿದು ಸಾಗಬೇಕಾಗುತ್ತದೆ, ದಾರಿ ಸುತ್ತಾಗುತ್ತದೆ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೈಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿ, ಉಳಿದವನ್ನು ಗಾಳಿಗೆ ಬಿಟ್ಟು ನೋಡಿದ. ಮುಚ್ಚಿದ ಗಾಯಗಳ ಮೇಲೆ ಚರ್ಮ ಸುಮಾರು ಎರಡರಷ್ಟು ವೇಗದಲ್ಲಿ ಹರಡಿತ್ತು. 'ನೇಚರ್' ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನ ಗಾಯದ ಆರೈಕೆಯ ದಿಕ್ಕನ್ನೇ ಬದಲಿಸಿತು. ನಮ್ಮ ಮನೆಗಳಲ್ಲಿ ಮಾತ್ರ ಇವತ್ತಿಗೂ 'ಗಾಯಕ್ಕೆ ಸ್ವಲ್ಪ ಗಾಳಿ ಆಡಲಿ, ಒಣಗುತ್ತೆ' ಎನ್ನುವವರೇ ಹೆಚ್ಚು.

ಒಣ ಗಾಜ್ ಬಟ್ಟೆ ಮಾಡುವುದು ಈ ಕೆಲಸಕ್ಕೆ ತದ್ವಿರುದ್ಧ. ತೇವವನ್ನು ಹೀರುತ್ತದೆ, ತಾನೂ ಒಣಗುತ್ತದೆ, ಒಣಗುವಾಗ ಅದರ ಎಳೆಗಳು ಗಾಯದ ನೀರಿನ ಜೊತೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತವೆ. ಎಳೆದಾಗ ಎರಡು ದಿನ ಕಷ್ಟಪಟ್ಟು ಹರಡಿದ್ದ ಹೊಸ ಪದರವೂ ಕಿತ್ತುಬರುತ್ತದೆ. ಹತ್ತಿಯನ್ನು ನೇರವಾಗಿ ಗಾಯದ ಮೇಲಿಟ್ಟರಂತೂ ಒಂದೊಂದೇ ಎಳೆಯನ್ನು ಚಿಮಟದಲ್ಲಿ ಆರಿಸಬೇಕು.

ಇದಕ್ಕೊಂದು ಪರಿಹಾರ ಕಂಡವನು ಯಾರೆಂದು ತಿಳಿದರೆ ಸಿನಿಮಾಪ್ರಿಯರಿಗೆ ಅಚ್ಚರಿಯಾದೀತು. ಜಗತ್ತಿಗೆ ಚಲನಚಿತ್ರ ತೋರಿಸಿದ ಫ್ರಾನ್ಸಿನ ಲೂಮಿಯೇರ್ ಸಹೋದರರಲ್ಲಿ ಹಿರಿಯನಾದ ಓಗ್ಯುಸ್ತ್ ಲೂಮಿಯೇರ್. ಅವರ ಚಿತ್ರಗಳು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂದಿದ್ದವು. ಮುಂದೆ ಓಗ್ಯುಸ್ತ್‌ನ ಆಸಕ್ತಿ ವೈದ್ಯಕೀಯದತ್ತ ಹೊರಳಿತು. ಮೊದಲ ಮಹಾಯುದ್ಧದಲ್ಲಿ ಲಿಯಾನ್ ನಗರದ ಆಸ್ಪತ್ರೆಗಳಿಗೆ ಗಾಯಾಳು ಸೈನಿಕರು ಸಾಲುಸಾಲಾಗಿ ಬರುತ್ತಿದ್ದಾಗ, ಪಟ್ಟಿ ಬದಲಿಸುವಾಗಿನ ಅವರ ಯಾತನೆಗೆ ಉತ್ತರವಾಗಿ ದೊಡ್ಡ ಕಣ್ಣುಗಳ ಬಲೆಬಟ್ಟೆಗೆ ಪ್ಯಾರಾಫಿನ್ ಜಿಡ್ಡು ಲೇಪಿಸಿದ ಪಟ್ಟಿಯನ್ನು ಅವನು ರೂಪಿಸಿದ. 'ಟುಲ್ ಗ್ರಾ' ಎಂಬುದು ಅದರ ಹೆಸರು. ಜಿಡ್ಡು ಗಾಯಕ್ಕೆ ಅಂಟಲು ಬಿಡುವುದಿಲ್ಲ, ಬಲೆಯ ಕಣ್ಣುಗಳ ಮೂಲಕ ಗಾಯದ ನೀರು ಮೇಲಿನ ದಪ್ಪ ಪಟ್ಟಿಗೆ ಹೋಗುತ್ತದೆ, ಕೆಳಗೆ ಹದವಾದ ತೇವ ಉಳಿಯುತ್ತದೆ. ಇಂದು ಲಕೋಟೆಯಲ್ಲಿ ಸಿಗುವ ಪಟ್ಟಿಯ ಮೂಲ ಉಪಾಯ ಇದೇ. ಆ ಜಿಡ್ಡಿನ ಕತೆ ಇನ್ನೂ ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯದ ತೈಲಬಾವಿ ಕೆಲಸಗಾರರು ಕೊಳವೆಗೆ ಮೆತ್ತಿದ ಮೇಣವನ್ನು ಕೊಯ್ದ, ಸುಟ್ಟ ಗಾಯಗಳಿಗೆ ಹಚ್ಚಿಕೊಳ್ಳುವುದನ್ನು ರಾಬರ್ಟ್ ಚೀಸ್‌ಬ್ರೋ ಗಮನಿಸಿದ. ಅದನ್ನೇ ಶುದ್ಧಿ ಮಾಡಿ 1872ರಲ್ಲಿ ವ್ಯಾಸಲಿನ್ ಹೆಸರಿನಲ್ಲಿ ಹಕ್ಕುಪತ್ರ ಪಡೆದ.

ಇನ್ನು ಔಷಧದ ಮಾತು. ಜೆಲೋನೆಟ್‌ನಲ್ಲಿ ಬರೀ ಪ್ಯಾರಾಫಿನ್ ಇರುತ್ತದೆ, ಔಷಧವಿಲ್ಲ. ಬ್ಯಾಕ್ಟಿಗ್ರಾಸ್‌ನಲ್ಲಿ ಶೇಕಡ 0.5ರಷ್ಟು ಕ್ಲೋರ್‌ಹೆಕ್ಸಿಡಿನ್ ಇದೆ; ಬಾಯಿ ಮುಕ್ಕಳಿಸಲು ದಂತವೈದ್ಯರು ಕೊಡುವ ದ್ರಾವಣದಲ್ಲಿ ಇರುವುದೂ ಇದೇ ಕ್ರಿಮಿನಾಶಕ. ಸೋಫ್ರಾಟುಲ್‌ನಲ್ಲಿ ಶೇಕಡ 1ರಷ್ಟು ಫ್ರಾಮೈಸೆಟಿನ್ ಎಂಬ ಆ್ಯಂಟಿಬಯಾಟಿಕ್ ಇದೆ, ಮನೆಮನೆಯ ಸೋಫ್ರಾಮೈಸಿನ್ ಟ್ಯೂಬಿನಲ್ಲಿರುವುದು ಅದೇ. ಪೊವಿಡೋನ್ ಅಯೋಡಿನ್ ಲೇಪಿಸಿದ ಕಂದು ಬಣ್ಣದ ಬಲೆಪಟ್ಟಿಗಳೂ ಇವೆ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಔಷಧ ಇರುವುದನ್ನೇ ಕೊಡುತ್ತಾರೆ, ಗಿರಾಕಿಗೂ ಅದೇ ಸಮಾಧಾನ. ಆದರೆ ಚೊಕ್ಕಟವಾದ ಸಣ್ಣ ಸುಟ್ಟಗಾಯಕ್ಕೆ ಆ್ಯಂಟಿಬಯಾಟಿಕ್ ಬೇಕಾಗುವುದು ಅಪರೂಪ. ಒಗ್ಗರಣೆ ಎಣ್ಣೆ ಸಿಡಿದ ಮುಂಗೈ, ಬಿಸಿ ಸಾರು ಚೆಲ್ಲಿದ ತೊಡೆ ಇಂಥವಕ್ಕೆ ಬರೀ ಪ್ಯಾರಾಫಿನ್ ಬಲೆಯೇ ಸಾಕು. ಪಟ್ಟಿಯ ಮುಖ್ಯ ಗುಣ ಅಂಟದಿರುವುದು. ಔಷಧಕ್ಕೆ ಎರಡನೆಯ ಸ್ಥಾನ. ಬೈಕಿನಿಂದ ಬಿದ್ದು ರಸ್ತೆಯ ಮಣ್ಣು ಮೆತ್ತಿದ ತರಚುಗಾಯ, ಹೊಲಗದ್ದೆಯಲ್ಲಿ ಆದ ಗಾಯ, ಕ್ರಿಮಿ ಸೇರಿರಬಹುದೆಂಬ ಗುಮಾನಿ ಇರುವ ಕಡೆ ಔಷಧದ ಪಟ್ಟಿಗೆ ಅರ್ಥವಿದೆ. ಅಲ್ಲೂ ನನ್ನ ಒಲವು ಆ್ಯಂಟಿಬಯಾಟಿಕ್‌ಗಿಂತ ಕ್ರಿಮಿನಾಶಕದ ಪಟ್ಟಿಗೇ. ಬೇಕಿಲ್ಲದ ಕಡೆಯೆಲ್ಲ ಆ್ಯಂಟಿಬಯಾಟಿಕ್ ಬಳಸಿ ಅದಕ್ಕೆ ಬಗ್ಗದ ಕ್ರಿಮಿಗಳನ್ನು ಬೆಳೆಸುವ ಕೆಲಸವನ್ನು ನಾವು ಈಗಾಗಲೇ ಸಾಕಷ್ಟು ಮಾಡಿದ್ದೇವೆ.

ಔಷಧಕ್ಕೆ ಅದರದ್ದೇ ಅಪಾಯಗಳೂ ಉಂಟು. ಫ್ರಾಮೈಸೆಟಿನ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ನಿಯೋಮೈಸಿನ್ ಅಲರ್ಜಿ ಇರುವವರಿಗೆ ಇದೂ ಆಗಿಬರದಿರುವ ಸಂಭವ ಹೆಚ್ಚು. ದೊಡ್ಡ ಗಾಯದ ಮೇಲೆ ಬಹಳ ದಿನ ಹಾಕಿದರೆ ರಕ್ತಕ್ಕೆ ಸೇರಿ ಕಿವಿ, ಮೂತ್ರಪಿಂಡಗಳಿಗೆ ಕೇಡು ಮಾಡಬಲ್ಲದು. ಅಯೋಡಿನ್ ಪಟ್ಟಿಯನ್ನು ಥೈರಾಯ್ಡ್ ತೊಂದರೆ ಇರುವವರಿಗೆ, ಬಸುರಿಯರಿಗೆ, ಎಳೆ ಕೂಸುಗಳಿಗೆ ವೈದ್ಯರನ್ನು ಕೇಳದೆ ಹಾಕಬಾರದು. ಕ್ಲೋರ್‌ಹೆಕ್ಸಿಡಿನ್‌ಗೂ ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದುಂಟು. ಪಟ್ಟಿ ಹಾಕಿದ ಮೇಲೆ ಗಾಯದ ಸುತ್ತ ಪಟ್ಟಿಯ ಆಕಾರದಲ್ಲೇ ಕೆಂಪಾಗಿ ತುರಿಕೆ ಎದ್ದರೆ ಅದು ಸೋಂಕಲ್ಲ, ಅಲರ್ಜಿ ಇರಬಹುದು. ಹಳೆಯ ಟುಲ್ ಗ್ರಾ ಪಟ್ಟಿಗೆ ಪೆರು ಬಾಲ್ಸಂ ಎಂಬ ಮರದ ಅಂಟನ್ನು ಬೆರೆಸುತ್ತಿದ್ದರು. ಅದು ಅನೇಕರಿಗೆ ಅಲರ್ಜಿ ತರುವ ವಸ್ತುವೆಂದು ಆಮೇಲೆ ತಿಳಿಯಿತು. ಔಷಧಗಳು ಬಂದವು, ಬದಲಾದವು. ಬಲೆ ಮತ್ತು ಜಿಡ್ಡು ಮಾತ್ರ ಉಳಿದುಕೊಂಡು ಬಂದಿವೆ.

ನಮ್ಮ ದೇಶದ ವೈದ್ಯರು ಗಾಯಕ್ಕೆ ಪಟ್ಟಿ ಅಂಟುವ ಸಮಸ್ಯೆಯ ಜೊತೆ ಗುದ್ದಾಡಿದ್ದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ನಮ್ಮ ಹೆಮ್ಮೆಯ ಈ ಸಂಗತಿ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸ್ವರೂಪದ ಸುಟ್ಟಗಾಯಗಳಿಗೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಬಹಳಷ್ಟು ಜನ ಬಡವರು, ದುಬಾರಿ ಪಟ್ಟಿ ಕೊಳ್ಳಲಾಗದವರು. ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಎಂ.ಎಚ್. ಕೇಸ್ವಾನಿ 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಗಳನ್ನು ಗಾಜ್ ಬಟ್ಟೆಯ ಮೇಲೆ ಸಾಲಾಗಿ ಅಂಟಿಸಿ, ಶುದ್ಧೀಕರಿಸಿ ಸುಟ್ಟಗಾಯಗಳ ಮೇಲೆ ಹಾಕತೊಡಗಿದರು. ಸಿಪ್ಪೆಯ ಒಳಮೈ ಗಾಯಕ್ಕೆ ತಾಗಿ ತೇವ ಕಾಯುತ್ತಿತ್ತು, ಬಟ್ಟೆ ಅಂಟುತ್ತಿರಲಿಲ್ಲ. ಆಮೇಲೆ ಗೋರೆ ಮತ್ತು ಅಕೋಲೇಕರ್ ಎಂಬ ವೈದ್ಯರು ಬಾಳೆ ಎಲೆಯನ್ನು ಪರೀಕ್ಷೆಗೆ ಒಡ್ಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸ್ಪತ್ರೆಯ ಯಂತ್ರದಲ್ಲಿ ಹಬೆಯಿಂದ ಶುದ್ಧಿ ಮಾಡಿದ ಬಾಳೆ ಎಲೆ ಮೇಣದಂಥ ನುಣುಪಿನಿಂದಾಗಿ ಗಾಯಕ್ಕೆ ಅಂಟುವುದೇ ಇಲ್ಲ, ತೆಗೆಯುವಾಗ ನೋವು ತೀರ ಕಡಿಮೆ. ಎಲೆ ಊಟದ ನಾಡಿನವರಿಗೆ ಇದು ಕಿವಿಗೆ ಇಂಪು ಎಂಬುದೇನೋ ಸರಿ. ಹಾಗೆಂದು ಹಿತ್ತಲಿನ ಎಲೆ ಕೊಯ್ದು ತಂದು ಗಾಯಕ್ಕೆ ಸುತ್ತಬಾರದು. ಶುದ್ಧೀಕರಿಸದ ಎಲೆಯ ಮೇಲೆ ಧೂಳು, ಹಕ್ಕಿಯ ಹಿಕ್ಕೆ, ಬೂಷ್ಟು ಎಲ್ಲವೂ ಇರುತ್ತವೆ.

ನಮ್ಮ ವಿಜಯಪುರದ ಗಡಿಗೆ ಅಂಟಿಕೊಂಡ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಜೇನುತುಪ್ಪದಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು 104 ರೋಗಿಗಳ ಮೇಲೆ ಪರೀಕ್ಷಿಸಿ 1991ರಲ್ಲಿ ಬ್ರಿಟಿಷ್ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಜೇನು, ಇನ್ನರ್ಧಕ್ಕೆ ಆಗ ಎಲ್ಲೆಡೆ ಬಳಕೆಯಲ್ಲಿದ್ದ ಸಿಲ್ವರ್ ಸಲ್ಫಾಡಯಾಜಿನ್. ಜೇನು ಹಾಕಿದವರ ಗಾಯ ಬೇಗ ಮಾಯಿತು. ಅವರು ಜೇನನ್ನು ಆಲೂಗಡ್ಡೆ ಸಿಪ್ಪೆಯ ಜೊತೆಗೂ ಹೋಲಿಸಿ ನೋಡಿದ್ದಾರೆ. ಇವತ್ತು ವಿಕಿರಣದಿಂದ ಶುದ್ಧೀಕರಿಸಿದ ಜೇನಿನ ಪಟ್ಟಿಗಳು ಅಂಗಡಿಯಲ್ಲೇ ಸಿಗುತ್ತವೆ. ಅಡುಗೆಮನೆಯ ಬಾಟಲಿಯ ಜೇನು ಗಾಯಕ್ಕಲ್ಲ, ಅದರಲ್ಲಿ ಕ್ರಿಮಿಗಳ ಬೀಜಾಣುಗಳು ಇರಬಹುದು.

ಸಿಲ್ವರ್ ಸಲ್ಫಾಡಯಾಜಿನ್ ಎಂದರೆ ಸುಟ್ಟಗಾಯಕ್ಕೆ ಡಾಕ್ಟರು ಬರೆದುಕೊಡುವ ಬಿಳಿ ಮುಲಾಮು. 1960ರ ದಶಕದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫಾಕ್ಸ್ ರೂಪಿಸಿದ ಈ ಔಷಧ ಮೈಯೆಲ್ಲ ಸುಟ್ಟುಕೊಂಡ ಸಾವಿರಾರು ಜನರನ್ನು ಸೋಂಕಿನಿಂದ ಉಳಿಸಿದೆ. ಆ ಋಣ ದೊಡ್ಡದು. ಸಣ್ಣ, ಮೇಲುಮೇಲಿನ ಗಾಯದ ಮಾತು ಬೇರೆ. ದಿನವೂ ಹಳೆಯ ಮುಲಾಮನ್ನು ಕೆರೆದು ತೊಳೆದು ಹೊಸದು ಹಚ್ಚಬೇಕು, ಗಾಯದ ಮೇಲೆ ಬಿಳಿಯ ಪೊರೆ ಕಟ್ಟಿ ಆಳ ಎಷ್ಟೆಂದೇ ತಿಳಿಯದಂತಾಗುತ್ತದೆ, ಮಾಯುವುದೂ ತಡ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ಕೊಕ್ರೇನ್ ವಿಮರ್ಶೆ ಕೂಡ ಈ ಮುಲಾಮಿಗಿಂತ ಅಂಟದ ಆಧುನಿಕ ಪಟ್ಟಿಗಳದ್ದೇ ಮೇಲುಗೈ ಎಂದಿದೆ. ಸಲ್ಫಾ ಅಲರ್ಜಿ ಇರುವವರಿಗೆ, ಎರಡು ತಿಂಗಳೊಳಗಿನ ಕೂಸಿಗೆ ಇದನ್ನು ಹಚ್ಚಲೇಬಾರದು.

ಪಟ್ಟಿ ಯಾವುದೇ ಇರಲಿ, ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಎಲ್ಲಕ್ಕಿಂತ ಮುಖ್ಯ. ಸುಟ್ಟ ತಕ್ಷಣ ಆ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಒಂದೆರಡು ನಿಮಿಷ ಸಾಲದು, ಪೂರ್ತಿ ಇಪ್ಪತ್ತು ನಿಮಿಷ. ಬೆಂಕಿಯಿಂದ ಕೈ ತೆಗೆದ ಮೇಲೂ ಚರ್ಮದೊಳಗಿನ ಶಾಖ ಕೆಳಪದರಗಳನ್ನು ಸುಡುತ್ತಲೇ ಇರುತ್ತದೆ, ಅದನ್ನು ಹೊರಗೆಳೆಯುವುದು ಹರಿಯುವ ನೀರೊಂದೇ. ತಡವಾಗಿ ನೆನಪಾದರೂ ಮೂರು ಗಂಟೆಯೊಳಗೆ ಮಾಡಿದರೆ ಉಪಯೋಗವಿದೆ. ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರಿಲ್ಲದಿದ್ದರೆ ಕೊಡದ ನೀರನ್ನು ಚೊಂಬಿನಲ್ಲಿ ಸುರಿಯುತ್ತಿರಿ, ಕೆಳಗೆ ಬಕೆಟ್ ಇಟ್ಟು ಅದೇ ನೀರನ್ನು ತೋಟಕ್ಕೆ ಹಾಕಿ. ಐಸ್ ಬೇಡ, ಅದು ಚರ್ಮಕ್ಕೆ ಇನ್ನೊಂದು ಗಾಯ ಮಾಡುತ್ತದೆ. ಕೂಸುಗಳಾದರೆ ಸುಟ್ಟ ಜಾಗವನ್ನಷ್ಟೇ ತಂಪು ಮಾಡಿ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿ. ಬಾವು ಏರುವ ಮೊದಲೇ ಉಂಗುರ, ಬಳೆ, ವಾಚು ತೆಗೆಯಬೇಕು. ಬಳೆ ತೆಗೆಯಲು ಹಿಂದೇಟು ಹಾಕುವ ಹೆಂಗಸರಿದ್ದಾರೆ. ಅವರಿಗೆ ಮನೆಯ ಹಿರಿಯರೇ 'ತೆಗಿಯಮ್ಮ, ವಾಸಿಯಾದ ಮೇಲೆ ಹಾಕ್ಕೊಳ್ಳುವಿಯಂತೆ' ಎಂದು ಧೈರ್ಯ ಹೇಳಬೇಕು.

ಟೂತ್‌ಪೇಸ್ಟ್, ಇಂಕು, ದೋಸೆ ಹಿಟ್ಟು, ಅರಿಸಿನ, ತುಪ್ಪ, ಕಾಫಿ ಪುಡಿ ಇವನ್ನೆಲ್ಲ ಹಚ್ಚಿಕೊಂಡು ಬರುವವರು ಈಗಲೂ ಆಸ್ಪತ್ರೆಗಳಲ್ಲಿ ಕಾಣುತ್ತಾರೆ. ಕಾಳಜಿಯಿಂದಲೇ ಹಚ್ಚಿರುತ್ತಾರೆ, ಆದರೆ ಅದನ್ನು ಉಜ್ಜಿ ತೆಗೆಯುವಾಗ ರೋಗಿ ಪಡುವ ಪಾಡು ಹೇಳತೀರದು. ಬಣ್ಣದ ಮುಲಾಮುಗಳದ್ದೂ ಇದೇ ತೊಂದರೆ: ಚರ್ಮದ ನಿಜವಾದ ಬಣ್ಣ ಮರೆಯಾಗಿ ಗಾಯ ಎಷ್ಟು ಆಳ ಎಂದು ಡಾಕ್ಟರಿಗೆ ಕಾಣುವುದಿಲ್ಲ. ಆಸ್ಪತ್ರೆಗೆ ಹೋಗುವುದೇ ಆದರೆ ನೀರಿನಲ್ಲಿ ತಂಪು ಮಾಡಿ, ಒಗೆದ ಹತ್ತಿಬಟ್ಟೆಯನ್ನೋ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಬಿಗಿಯದೆ ಹೊದಿಸಿ ಹೊರಡಿ, ಅಷ್ಟು ಸಾಕು.

ಮನೆಯಲ್ಲೇ ನೋಡಿಕೊಳ್ಳಬಹುದಾದ ಗಾಯ ಯಾವುದು? ಗಾಯಗೊಂಡವರ ಬೆರಳುಗಳೂ ಸೇರಿದಂತೆ ಅವರದೇ ಅಂಗೈ ಅಂದರೆ ಮೈಯ ಮೇಲ್ಮೈಯಲ್ಲಿ ಸುಮಾರು ನೂರಕ್ಕೆ ಒಂದು ಪಾಲು. ಅದಕ್ಕಿಂತ ಚಿಕ್ಕದಾದ, ಕೆಂಪಾಗಿ ಉರಿಯುವ, ಒಂದೆರಡು ಗುಳ್ಳೆ ಎದ್ದ ಗಾಯವನ್ನು ಆರೋಗ್ಯವಂತ ದೊಡ್ಡವರು ಮನೆಯಲ್ಲಿ ನೋಡಿಕೊಳ್ಳಬಹುದು. ಮುಖ, ಕೈಬೆರಳು, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಗಾಯ ಕೈಯನ್ನೋ ಕಾಲನ್ನೋ ಬಳಸಿ ಸುತ್ತಿಕೊಂಡಿದ್ದರೆ, ಕರೆಂಟು ಹೊಡೆದಿದ್ದರೆ, ಆ್ಯಸಿಡ್ ಬಿದ್ದಿದ್ದರೆ, ಚಿಕ್ಕ ಮಕ್ಕಳು ಮತ್ತು ಮುದುಕರಾಗಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ಬೆಳ್ಳಗೆ ತೊಗಲಿನಂತಾಗಿ ನೋವೇ ಇಲ್ಲದ ಗಾಯವನ್ನು ಕಂಡು ಸಮಾಧಾನಪಡಬೇಡಿ, ಅಲ್ಲಿ ನರಗಳೇ ಸುಟ್ಟಿರುತ್ತವೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿ ಬೈಕಿನ ಸೈಲೆನ್ಸರ್ ತಾಗಿದ್ದೂ ತಿಳಿಯದಿರಬಹುದು. ಅವರಿಗೆ ಯಾವ ಸುಟ್ಟಗಾಯವೂ ಸಣ್ಣದಲ್ಲ.

ಪಟ್ಟಿ ಹಾಕುವುದು ಸುಲಭ. ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಗುಳ್ಳೆ ಒಡೆಯಬೇಡಿ, ಅದರ ಹೊದಿಕೆಗಿಂತ ಒಳ್ಳೆಯ ಪಟ್ಟಿ ಇನ್ನೊಂದಿಲ್ಲ. ತಾನಾಗಿ ಒಡೆದಿದ್ದರೆ ನೀರಿನಿಂದ ತೊಳೆದು ಮೆತ್ತಗೆ ಒತ್ತಿ ಒರೆಸಿ. ಬಲೆಪಟ್ಟಿಯ ಎರಡೂ ಬದಿಯ ಹಾಳೆ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಗಾಯಕ್ಕಿಂತ ತುಸು ದೊಡ್ಡದಾಗಿ ಕತ್ತರಿಸಿ ಒಂದೇ ಪದರ ಹಾಸಬೇಕು. ಒಳ್ಳೆಯದಾಗಲಿ ಎಂದು ಎರಡು ಮೂರು ಪದರ ಹಾಕಿದರೆ ಕಣ್ಣುಗಳು ಮುಚ್ಚಿಹೋಗಿ ನೀರು ಕೆಳಗೇ ನಿಂತು ಸುತ್ತಲಿನ ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ. ಅದರ ಮೇಲೆ ಮಡಿಸಿದ ಗಾಜ್ ಬಟ್ಟೆ, ಅದರ ಮೇಲೆ ಸಡಿಲವಾಗಿ ಬ್ಯಾಂಡೇಜು. ಬೆರಳುಗಳಿಗೆ ಬೇರೆಬೇರೆಯಾಗಿ ಸುತ್ತಬೇಕು, ಒಟ್ಟಿಗೆ ಕಟ್ಟಿದರೆ ಒಂದಕ್ಕೊಂದು ಕೂಡಿಕೊಂಡಾವು.

ಮೊದಲ ಪಟ್ಟಿಯನ್ನು ಒಂದೆರಡು ದಿನಕ್ಕೆ ಬಿಚ್ಚಿ ನೋಡಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಮೇಲಿನ ಬಟ್ಟೆ ತೊಯ್ದಿದ್ದರೆ ಬೇಗ. ಅಂಟದ ಪಟ್ಟಿ ಎಂದು ವಾರಗಟ್ಟಲೆ ಬಿಡುವಂತಿಲ್ಲ. ಜಿಡ್ಡು ಒಣಗಿ, ಬಲೆಯ ಕಣ್ಣುಗಳೊಳಗೆ ಹೊಸ ಮಾಂಸ ಬೆಳೆದು ಇದೂ ಕಚ್ಚಿಕೊಳ್ಳುತ್ತದೆ. ಹಾಗಾದರೆ ಸಲೈನನ್ನೋ ಕುದಿಸಿ ಆರಿಸಿದ ನೀರನ್ನೋ ಸುರಿದು ಹತ್ತು ನಿಮಿಷ ಕಾದು, ತಾನಾಗಿ ಸಡಿಲವಾದ ಮೇಲೆ ಎತ್ತಬೇಕು. ಒಣ ಗಾಜ್ ಬಟ್ಟೆ ಅಂಟಿದ್ದರೂ ಇದೇ ಉಪಾಯ. ಡ್ರೆಸಿಂಗ್ ಕೋಣೆಯಲ್ಲಿ ಅವಸರದಲ್ಲಿ ಎಳೆಯಲು ಬಂದವರಿಗೆ 'ಸಿಸ್ಟರ್, ಸ್ವಲ್ಪ ಸಲೈನ್ ಹಾಕಿ ನೆನೆಸಿ ತೆಗೀರಿ' ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ, ಸಂಕೋಚಪಡಬೇಕಾಗಿಲ್ಲ. ಇನ್ನೊಂದು ಎಚ್ಚರ: ಪ್ಯಾರಾಫಿನ್ ಮೆತ್ತಿದ ಬಟ್ಟೆಗೆ ಬೆಂಕಿ ಬಲುಬೇಗ ಹತ್ತುತ್ತದೆ. ಕೈಗೆ ಪಟ್ಟಿ ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲುವ ತಾಯಂದಿರೇ ನಮ್ಮಲ್ಲಿ ಹೆಚ್ಚು. ಗಾಯ ಮಾಯುವವರೆಗೆ ಅಡುಗೆ ಬೇರೆಯವರು ಮಾಡಲಿ.

ತರಚುಗಾಯವಾದರೆ ಪಟ್ಟಿಗೆ ಮುಂಚೆ ಮಣ್ಣು, ಕಲ್ಲಿನ ಹರಳು ಹೋಗುವ ತನಕ ಹರಿಯುವ ನೀರಿನಲ್ಲಿ ತೊಳೆಯಿರಿ. ಗಾಯದೊಳಗೆ ಉಳಿದ ಮಣ್ಣು ಸೋಂಕು ತರುತ್ತದೆ, ಮಾಯ್ದ ಮೇಲೂ ಕಪ್ಪು ಕಲೆಯಾಗಿ ಚರ್ಮದಡಿ ನಿಂತುಬಿಡುತ್ತದೆ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಎಂದು ಲೆಕ್ಕ ಹಾಕಿ, ನೆನಪಿಲ್ಲದಿದ್ದರೆ ಹಾಕಿಸಿಕೊಳ್ಳಿ. ಸುಟ್ಟಗಾಯಕ್ಕೂ ಅದು ಬೇಕು. ನಾಯಿ ಕಚ್ಚಿದ ಗಾಯಕ್ಕೆ ಈ ಪಟ್ಟಿ ಹಾಕಿ ಮುಚ್ಚಬೇಡಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಎರಡು ಮೂರು ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕೆಂಪು ಸುತ್ತಲೂ ಹರಡಿದರೆ, ಕೀವು, ವಾಸನೆ, ಜ್ವರ ಬಂದರೆ ಪಟ್ಟಿ ಬದಲಿಸುತ್ತ ಕೂರುವ ಹೊತ್ತಲ್ಲ ಅದು. ಸಣ್ಣ ಸುಟ್ಟಗಾಯವಾದ ಮಗುವಿಗೆ ಜ್ವರದ ಜೊತೆ ಮೈಮೇಲೆ ದದ್ದು, ವಾಂತಿ, ಭೇದಿ ಕಂಡರೆ ಗಾಯ ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ ರಾತ್ರಿಯೇ ಆಗಲಿ ಕರೆದೊಯ್ಯಿರಿ. ಕ್ರಿಮಿಯ ವಿಷ ರಕ್ತಕ್ಕೆ ಏರುವ ಅಪಾಯಕಾರಿ ಸ್ಥಿತಿಯ ಲಕ್ಷಣ ಅದು. ಎರಡು ವಾರದಲ್ಲಿ ಮಾಯದ ಗಾಯವನ್ನು ಸುಟ್ಟಗಾಯದ ತಜ್ಞರಿಗೆ ತೋರಿಸಬೇಕು, ತಡವಾದಷ್ಟೂ ಗಂಟುಕಲೆ ಉಳಿಯುವ ಸಂಭವ ಹೆಚ್ಚು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ಮಹಾಬೋಧಿ ಬರ್ನ್ಸ್ ವಾರ್ಡ್ ಇದೆ.

ಶಾಲೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಬಿಸಿಯೂಟ ಬೇಯಿಸುವ ಅಡುಗೆಕೋಣೆಯ ಗೋಡೆಯ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡ್ರೆಸಿಂಗ್ ಟೇಬಲ್ಲಿನ ಮೇಲೆ ನಾಲ್ಕು ಪ್ಯಾರಾಫಿನ್ ಬಲೆಪಟ್ಟಿಗಳು ಸದಾ ಇರಬೇಕು. ದುಬಾರಿಯೇನಲ್ಲ. ಬಿಸಿಲಿಗೆ ಜಿಡ್ಡು ಕರಗಿ ಒಂದೇ ಬದಿಗೆ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಕಡೆಯವರು ಲಕೋಟೆಗಳನ್ನು ನಿಲ್ಲಿಸದೆ ಮಲಗಿಸಿ, ಮನೆಯ ತಂಪಾದ ಮೂಲೆಯಲ್ಲಿ ಇಡಲಿ. ವರ್ಷಕ್ಕೊಮ್ಮೆ ಲಕೋಟೆಯ ಮೇಲಿನ ಅವಧಿ ನೋಡಿ ಹಳೆಯದನ್ನು ಬದಲಿಸಲಿ.